ಕಾಣಿಕೆಯ ಪಾಲುದಾರರು: ಯೆರೂಸಲೇಮಿನ ಬಲಿಪೀಠ ಮತ್ತು ಮಂಡ್ಯ ಸೀಮೆಯ ದತ್ತಿಗಳು

ಹೊಯ್ಸಳ ದೊರೆ ಒಂದನೇ ನರಸಿಂಹನ ಆಳ್ವಿಕೆಯಲ್ಲಿ, ಕ್ರಿ.ಶ. 1171ರಲ್ಲಿ, ಬಮ್ಮವೆ ನಾಯಕಿತಿ ಕಿಕ್ಕೇರಿಯ ಬ್ರಹ್ಮೇಶ್ವರ ದೇಗುಲವನ್ನು ಕಟ್ಟಿಸಿದಳು. ಇಂಥ ದೇಗುಲಗಳಿರುವ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ತಾಲ್ಲೂಕುಗಳ ದಾನಶಾಸನಗಳಲ್ಲಿ ದಾನಿಗಳ ಬಿರುದಾವಳಿಯನ್ನು ನಾವು ಆಸೆಯಿಂದ ಓದುತ್ತೇವೆ. ವಿನಿಯೋಗದ ಸಾಲುಗಳಲ್ಲಿ ಕಣ್ಣು ಓಡಿಸಿ ಮುಗಿಸುತ್ತೇವೆ. ಆದರೆ ಶಾಸನದ ಜೀವ ಇರುವುದು ಅಲ್ಲೇ. ಬಿಟ್ಟ ಗದ್ದೆ, ಬೆದ್ದಲಿನ ಹುಟ್ಟುವಳಿ ದೇವರ ಅಂಗಭೋಗಕ್ಕೋ, ನಂದಾದೀವಿಗೆಗೋ, ಜೀರ್ಣೋದ್ಧಾರಕ್ಕೋ, ತಪೋಧನರ ಊಟಕ್ಕೋ ಎಂಬುದನ್ನು ಕಲ್ಲಿನಲ್ಲೇ ನಿಗದಿ ಮಾಡುತ್ತಿದ್ದರು.

ಬೈಬಲ್ಲಿನ ಯಾಜಕಕಾಂಡವನ್ನೂ ಹೀಗೆಯೇ, ವಿನಿಯೋಗದ ಪತ್ರವೆಂಬಂತೆ ಓದಬೇಕೆಂಬುದು ನನ್ನ ವಾದ. ಪ್ರಾಚೀನ ಇಸ್ರಾಯೇಲರ ಬಲಿಗಳಲ್ಲಿ ಪೂರ್ತಿ ಸುಟ್ಟುಹೋಗುತ್ತಿದ್ದದ್ದು ಸರ್ವಾಂಗಹೋಮ. ಸಮಾಧಾನಯಜ್ಞದಲ್ಲಿ ಕೊಬ್ಬು ಬೆಂಕಿಗೆ, ಎದೆಯ ಭಾಗವೂ ಬಲದೊಡೆಯೂ ಯಾಜಕರಿಗೆ, ಮಿಕ್ಕಿದ್ದು ಕೊಟ್ಟವನ ಮನೆಯವರಿಗೆ. ಕೃತಜ್ಞತೆಗಾಗಿ ಕೊಟ್ಟ ಬಲಿಯ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಉಳಿಸುವಂತಿಲ್ಲ (7:15). ಇಡೀ ಪ್ರಾಣಿಯನ್ನು ಒಂದೇ ದಿನದಲ್ಲಿ ಮುಗಿಸಲು ಒಂದು ಕುಟುಂಬದಿಂದ ಆಗದು. ನೆಂಟರನ್ನು, ನೆರೆಯವರನ್ನು ಕರೆಯಲೇಬೇಕು. ಗಡುವು ಇಟ್ಟವರಿಗೆ ಇದು ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ.

ಇಷ್ಟಾದರೂ ಯಾಜಕಕಾಂಡ, ಶಾಸನ ಎರಡೂ ಒಂದೇ ಅಲ್ಲ. ಪಾಪಪರಿಹಾರಕ್ಕೆ ಕುರಿ ತರಲಾರದವನು ಎರಡು ಪಾರಿವಾಳ ತರಬಹುದು; ಅದಕ್ಕೂ ಗತಿಯಿಲ್ಲದವನು ಏಫ ಎಂಬ ಅಳತೆಯ ಹತ್ತನೆಯ ಒಂದು ಪಾಲು ಹಿಟ್ಟು ತಂದರೂ ಸಾಕು (5:7, 11). ಬಡವನೂ ಇಲ್ಲಿ ದಾನಿಯೇ. ನಮ್ಮ ಶಾಸನಗಳ ದಾನಿಗಳು ಹೆಚ್ಚಾಗಿ ಅರಸರು, ದಂಡನಾಯಕರು, ಗಾವುಂಡರು. ಸಣ್ಣವರು ಕಾಣಿಸುವುದು ದೀಪಕ್ಕೆಂದು ಗಾಣದಿಂದ ಇಷ್ಟು ಎಣ್ಣೆ ಎಂಬಂಥ ಕಟ್ಟಳೆಗಳಲ್ಲಿ, ಅದೂ ಹೆಸರಿಲ್ಲದೆ.

ಅನ್ಯಧರ್ಮದ ದೊರೆಯ ಕಾಣಿಕೆ ಎರಡೂ ಕಡೆ ಇದೆ. ಪರ್ಷಿಯಾದ ದಾರ್ಯಾವೆಷನು ಯೆರೂಸಲೇಮಿನ ಬಲಿಗಳಿಗೆ ಹೋರಿ, ಗೋದಿ, ಉಪ್ಪು, ಎಣ್ಣೆ ಒದಗಿಸಲು ಆಜ್ಞೆಯಿತ್ತನೆಂದು ಎಜ್ರನ ಗ್ರಂಥ ಹೇಳುತ್ತದೆ. ಶ್ರೀರಂಗಪಟ್ಟಣದ ರಂಗನಾಥನಿಗೆ ಟಿಪ್ಪು ಕೊಟ್ಟ ಏಳು ಬೆಳ್ಳಿ ಬಟ್ಟಲುಗಳೂ ಕರ್ಪೂರದಾರತಿಯೂ ಪ್ರಸಿದ್ಧ.

ಮೈಸೂರು ರಾಜ್ಯದ 1955ರ ಧಾರ್ಮಿಕ ಇನಾಮು ರದ್ದಿಯಾತಿ ಕಾಯ್ದೆ ಜಮೀನಿಗೂ ನೈವೇದ್ಯಕ್ಕೂ ಇದ್ದ ನೇರ ನಂಟನ್ನು ಕಡಿಯಿತು. ಫಸಲಿನ ಜಾಗಕ್ಕೆ ತಸ್ತೀಕು, ಅಂದರೆ ಸರ್ಕಾರ ಕೊಡುವ ನಗದು, ಬಂತು. 2003ರಲ್ಲಿ ಜಾರಿಗೆ ಬಂದ ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ, ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಆದಾಯದ ದೇಗುಲಗಳ ನಿವ್ವಳ ಆದಾಯದಲ್ಲಿ ಶೇ. 10ನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಗೊತ್ತುಪಡಿಸಿತು. ತಮಗೆ ಬಂದ ದಶಮಾಂಶದಲ್ಲಿ ಮತ್ತೆ ದಶಮಾಂಶ ತೆಗೆದು ಯಾಜಕರಿಗೆ ಕೊಡಬೇಕೆಂದು ದೇವಸೇವೆಯ ಕುಲದವರಾದ ಲೇವಿಯರಿಗಿದ್ದ ನಿಯಮ (ಅರಣ್ಯಕಾಂಡ 18:26) ಇಲ್ಲಿ ನೆನಪಾಗುತ್ತದೆ. ಅಲ್ಲಿ ಹರಿವು ಮೇಲ್ಮುಖ, ಇಲ್ಲಿ ಸಿರಿವಂತ ದೇಗುಲದಿಂದ ಬಡ ದೇಗುಲದತ್ತ.

1799ರಲ್ಲಿ ಟಿಪ್ಪು ಮಡಿದ ನಂತರ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದ; ಹಾಗಾಗಿ ಈ ಸೀಮೆಗೆ ಬೈಬಲ್ಲಿನ ಕಾಣಿಕೆ ದೂರದ ವಿಷಯವಲ್ಲ. ಇಂದಿನ ಬೋಧಕರು ದಶಮಾಂಶಕ್ಕೆ ಪ್ರವಾದಿ ಮಲಾಕಿಯನನ್ನು ಎತ್ತಿಹೇಳುವಷ್ಟು ಧರ್ಮೋಪದೇಶಕಾಂಡದ 14ನೇ ಅಧ್ಯಾಯವನ್ನು ಹೇಳುವುದಿಲ್ಲ. ಮೂರನೆಯ ವರ್ಷದ ದಶಮಾಂಶ ಊರಿನಲ್ಲೇ ಉಳಿದು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಉಣ್ಣಬೇಕೆಂದು ಅಲ್ಲಿದೆ. ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಇನ್ನೂ ಸೂಕ್ಷ್ಮ: ದೇವಾಲಯದ ಒಂದು ಕೋಣೆಯಲ್ಲಿ ಉಳ್ಳವರು ಗುಟ್ಟಾಗಿ ಇಟ್ಟುಹೋದದ್ದರಿಂದ ಒಳ್ಳೆಯ ಮನೆತನದ ಬಡವರು ಗುಟ್ಟಾಗಿಯೇ ಬದುಕುತ್ತಿದ್ದರಂತೆ.

ನಮ್ಮ ದೇಗುಲಗಳ ಹುಂಡಿಯೂ ಗುಟ್ಟಿನದೇ, ಆದರೆ ಉಣ್ಣುವವರು ಯಾರೆಂದು ಹಾಕಿದವನಿಗೆ ತಿಳಿಯದು. ದೇಗುಲಕ್ಕೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರಿದೆ, ಅಷ್ಟೆ. ಹಳೆಯ ಶಾಸನಕ್ಕೆ ಹತ್ತಿರವಾದದ್ದು ಇಂದು ಅನ್ನದಾನದ ರಸೀದಿಯೇ: ಕೊಟ್ಟವರು, ದಿನ, ಉದ್ದೇಶ ಮೂರೂ ಒಂದೇ ಚೀಟಿಯಲ್ಲಿರುತ್ತವೆ.