ಪತ್ತನಾಜೆಯ ಎರಡು ಅಂಚು: ಕಡಲು, ಗಾಳಿ ಮತ್ತು ಕರಾವಳಿಯ ಹಿಮ್ಮೇಳ

ಪಡುಬಿದ್ರಿ ಮತ್ತು ಉಚ್ಚಿಲದ ನಡುವೆ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿಕೊಂಡು ಎರ್ಮಾಳ್ ತೆಂಕ, ಎರ್ಮಾಳ್ ಬಡ ಎಂಬ ಎರಡು ಗ್ರಾಮಗಳಿವೆ. ಹೆದ್ದಾರಿಯಿಂದ ಕಡಲು ಬಹಳ ದೂರವಿಲ್ಲ. ಇದು ಜನಾರ್ದನ ದೇವಸ್ಥಾನದ ಊರು. ತುಳುನಾಡಿನ ಜಾತ್ರೆಗಳ ಸರಣಿ ಎರ್ಮಾಳಿನಲ್ಲಿ ಶುರುವಾಗಿ ಖಂಡಿಗೆಯಲ್ಲಿ ಮುಗಿಯುತ್ತದೆ ಎಂಬ ಮಾತು ಹಳಬರ ಬಾಯಲ್ಲಿ ಇಂದಿಗೂ ಇದೆ. ಅದೇ ಊರು ಮಳೆಗಾಲದಲ್ಲಿ ಪತ್ರಿಕೆಗೆ ಬರುವುದು ಬೇರೆಯೇ ಕಾರಣಕ್ಕೆ: ಕಡಲ್ಕೊರೆತ, ಕುಸಿದ ತಡೆಗೋಡೆ, ಬುಡಮೇಲಾದ ತೆಂಗು.

ಜಾತ್ರೆಯ ಕಾಲ ಒಂದು, ಕಡಲು ಮುನಿಯುವ ಕಾಲ ಇನ್ನೊಂದು. ಯಕ್ಷಗಾನದ ಹಿಮ್ಮೇಳದವರು, ಅಂದರೆ ಭಾಗವತರು, ಮದ್ದಳೆಗಾರರು, ಚೆಂಡೆಯವರು, ಚಕ್ರತಾಳ ಮತ್ತು ಶ್ರುತಿ ಹಿಡಿಯುವವರು, ಈ ಎರಡು ಕಾಲಗಳ ನಡುವೆ ಬದುಕು ಕಟ್ಟಿಕೊಂಡ ಸಂಗೀತ ಸಮುದಾಯ. ಪ್ರಕೃತಿ ವಿಕೋಪವನ್ನು ಅವರು ದಾಟಿದ ಬಗೆಯ ಚರಿತ್ರೆ ಬರೆಯಬೇಕಾದರೆ ಪರಿಹಾರದ ಪಟ್ಟಿಗಿಂತ ಮೊದಲು ಪಂಚಾಂಗವನ್ನು ನೋಡಬೇಕು ಎಂಬುದು ಈ ಲೇಖನದ ವಾದ.

ಪತ್ತನಾಜೆ ಎಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ. ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಅಂದಿಗೆ ಕೋಲ, ನೇಮ, ಆಯನಗಳು ಮುಗಿದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಇದನ್ನು ಧಾರ್ಮಿಕ ಕಟ್ಟಳೆಯೆಂದಷ್ಟೇ ವಿವರಿಸುವುದು ರೂಢಿ. ವಾದ್ಯದ ಕಡೆಯಿಂದ ನೋಡಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಮದ್ದಳೆ, ಚೆಂಡೆ ಎರಡೂ ಚರ್ಮವಾದ್ಯಗಳು. ಆಟಿ ತಿಂಗಳ ಮಳೆಯ ತೇವಕ್ಕೆ ಮದ್ದಳೆಯ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ಎಳೆದು ಬಿಗಿದರೆ ಅರ್ಧ ಗಂಟೆ ನಿಂತೀತು, ಆಮೇಲೆ ಮತ್ತೆ ಅದೇ ಪಾಡು. ಬಯಲಲ್ಲಿ ರಾತ್ರಿಯಿಡೀ ಬಾರಿಸುವ ಮಾತಂತೂ ದೂರ.

1923ರ ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ್ದನ್ನು ಆ ಕಡೆಯವರು ಮಾರಿ ಬೊಳ್ಳ ಎಂದು ನೆನೆಯುತ್ತಾರೆ. 1974ರ ಜುಲೈಯಲ್ಲಿ ಇನ್ನೊಂದು ದೊಡ್ಡ ನೆರೆ ಬಂತು. ಎರಡೂ ಬಂದದ್ದು ಮೇಳಗಳು ಗೆಜ್ಜೆ ಬಿಚ್ಚಿಟ್ಟ ತಿಂಗಳುಗಳಲ್ಲಿ. ಕಲಾವಿದನ ಮನೆಗೆ ನೀರು ನುಗ್ಗಿರಬಹುದು, ಗದ್ದೆ ಹೋಗಿರಬಹುದು. ಆದರೆ ತಿರುಗಾಟ ನಿಲ್ಲಲಿಲ್ಲ, ಏಕೆಂದರೆ ಅದು ಮೊದಲೇ ನಿಂತಿತ್ತು. ನೆರೆಯ ನಷ್ಟವನ್ನು ತಡೆದುಕೊಳ್ಳುವ ಅವಕಾಶ ಪಂಚಾಂಗದ ಒಳಗೇ ಇತ್ತು.

ಹಾಗೆಂದು ಮಳೆಗಾಲ ಸುಖದ್ದಾಗಿರಲಿಲ್ಲ. ಆರು ತಿಂಗಳು ಸಂಬಳವಿಲ್ಲ. ಈ ವಾರ್ಷಿಕ ಸಂಕಷ್ಟಕ್ಕೆ ಸಮುದಾಯ ಕಂಡುಕೊಂಡ ದಾರಿಗಳೇ ತೆಂಕುತಿಟ್ಟಿನ ಚಿಕ್ಕಮೇಳ ಮತ್ತು ಬಡಗುತಿಟ್ಟಿನ ಹೂವಿನ ಕೋಲು. ಎರಡು ವೇಷ, ಒಬ್ಬ ಭಾಗವತ, ಮದ್ದಳೆ, ಚೆಂಡೆ; ಸಂಜೆಯಾದ ಮೇಲೆ ಮನೆಮನೆಗೆ ಹೋಗಿ ಚಾವಡಿಯಲ್ಲಿ ಸ್ವಲ್ಪ ಹೊತ್ತಿನ ಆಟ. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಇಡುತ್ತಾರೆ. ಹೂವಿನ ಕೋಲು ನವರಾತ್ರಿಯ ಆಸುಪಾಸಿನದು, ಹುಡುಗರು ಕುಳಿತು ಮಾತಾಡುವ ಆಟ. ಇದರ ಜತೆಗೆ ತಾಳಮದ್ದಳೆ. ಇವನ್ನು ‘ಕಿರು ಪ್ರಕಾರ’ಗಳೆಂದು ಅಂಚಿಗೆ ಸರಿಸುವ ಅಭ್ಯಾಸ ನಮ್ಮ ವಿದ್ವತ್ತಿಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕಲಾವಿದರ ಪಾಲಿಗೆ ಕರಾವಳಿಯ ಅತ್ಯಂತ ಹಳೆಯ ವಿಕೋಪ ಪರಿಹಾರ ವ್ಯವಸ್ಥೆ ಇದುವೇ. ಕೊಡುವವನಿಗೂ ಇದು ದಾನವಲ್ಲ, ಸೇವೆ. ಪಡೆಯುವವನು ಕೈಚಾಚಿದಂತೆಯೂ ಆಗುವುದಿಲ್ಲ.

ಈ ವ್ಯವಸ್ಥೆ ಸೋತದ್ದು 2020ರಲ್ಲಿ. ಕೊರೊನಾ ಕಾರಣಕ್ಕೆ ಮಾರ್ಚಿನಲ್ಲಿ ಮೇಳಗಳು ನಿಂತಾಗ ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು, ಅದೂ ಆಟಗಳ ಭರಾಟೆಯ ಎರಡು ತಿಂಗಳು. ಮಳೆಗಾಲದಲ್ಲಿ ಮನೆಮನೆಗೆ ಹೋಗುವ ದಾರಿಯೂ ಸೋಂಕಿನ ಭಯಕ್ಕೆ ಬಹುಮಟ್ಟಿಗೆ ಮುಚ್ಚಿತು. ಸೆಪ್ಟೆಂಬರ್ 20ರಂದು ಉಡುಪಿಗೆ ದೊಡ್ಡ ನೆರೆ ಬಂತು. ಕಲ್ಸಂಕ, ಬೈಲಕೆರೆ, ಕೃಷ್ಣಮಠದ ಸುತ್ತಮುತ್ತ ನೀರು ನಿಂತಿತು. ತಿರುಗಾಟ ಮತ್ತೆ ಹೊರಟು ಕೆಲವೇ ತಿಂಗಳಿಗೆ, 2021ರ ಏಪ್ರಿಲ್ 10ರಿಂದ ಉಡುಪಿ, ಮಣಿಪಾಲ, ಮಂಗಳೂರುಗಳೂ ಸೇರಿದಂತೆ ಎಂಟು ನಗರಗಳಲ್ಲಿ ರಾತ್ರಿ ಕರ್ಫ್ಯೂ ಜಾರಿಯಾಯಿತು. ಸಮಯ ರಾತ್ರಿ 10ರಿಂದ ಬೆಳಿಗ್ಗೆ 5. ಬಯಲಾಟದ ಸಮಯವೂ ಹೆಚ್ಚುಕಡಿಮೆ ಅದೇ! ಏಪ್ರಿಲ್ ಕೊನೆಗೆ ರಾಜ್ಯವೇ ಬಾಗಿಲು ಹಾಕಿತು. ಮೇ 15, 16ರಂದು ತೌಕ್ತೆ ಚಂಡಮಾರುತ ಕರಾವಳಿಗುಂಟ ಹಾದು ಹೋಯಿತು. ಎರ್ಮಾಳ್, ಪಡುಬಿದ್ರಿ, ಕಾಪುವಿನ ದಡಕ್ಕೆ ಅಲೆಗಳು ಅಪ್ಪಳಿಸಿದವು. ಮೇ 19ರಂದು ಸರ್ಕಾರ ಪ್ರಕಟಿಸಿದ ಲಾಕ್‌ಡೌನ್ ಪರಿಹಾರದಲ್ಲಿ ಕಲಾವಿದರಿಗೆ, ಕಲಾ ತಂಡಗಳಿಗೆ ತಲಾ 3,000 ರೂಪಾಯಿ ಇತ್ತು; ಇಡೀ ರಾಜ್ಯದಲ್ಲಿ 16,095 ಫಲಾನುಭವಿಗಳು. ಎರಡು ತಿರುಗಾಟಗಳ ಕೊನೆಯ ಸಂಬಳ ಕಳೆದುಕೊಂಡವನಿಗೆ ಅದು ಎಷ್ಟು ದಿನಕ್ಕೆ ಬಂದೀತು?

ಅಂತರವನ್ನು ತುಂಬಿದ್ದು ಮೊದಲೇ ಕಟ್ಟಿದ್ದ ಸಂಸ್ಥೆಗಳು. ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಹುಟ್ಟಿದ್ದು. ಯಕ್ಷನಿಧಿಯ ಮೂಲಕ ವೃತ್ತಿ ಕಲಾವಿದರ ಕ್ಷೇಮ, ವಿದ್ಯಾಪೋಷಕ್ ಮೂಲಕ ಬಡ ಮಕ್ಕಳ ಓದು, ದಾನಿಗಳ ನೆರವಿನಿಂದ ಮನೆ ಕಟ್ಟಿಕೊಡುವುದು ಅದರ ಕೆಲಸ. ಭಾಗವತ ಪಟ್ಲ ಸತೀಶ್ ಶೆಟ್ಟಿಯವರು 2015ರಲ್ಲಿ ಸ್ಥಾಪಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಹಾಡುಗಾರನ ಜನಪ್ರಿಯತೆಯನ್ನೇ ಬಂಡವಾಳವಾಗಿಸಿ ಮುಂಬೈ, ಕೊಲ್ಲಿ ರಾಷ್ಟ್ರಗಳ ತುಳುವರಿಂದ ಹಣ ಕೂಡಿಸಿ ಮನೆ, ಚಿಕಿತ್ಸೆ, ವಿಮೆಗೆ ಕೊಟ್ಟಿತು. ಎರಡೂ ಸಂಸ್ಥೆಗಳು ಲಾಕ್‌ಡೌನಿನಲ್ಲಿ ಕಲಾವಿದರಿಗೆ ದಿನಸಿ ಕಿಟ್ ಹಂಚಿದವು. ಯಾರಿಗೆ ಏನು ಕಷ್ಟ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ಅರ್ಜಿ ನಮೂನೆ, ದೃಢೀಕರಣಗಳಿಗಾಗಿ ಕಾಯಬೇಕಿರಲಿಲ್ಲ. ಅದೇ ಹೊತ್ತಿಗೆ ತಾಳಮದ್ದಳೆ, ಗಾನವೈಭವಗಳು ಯೂಟ್ಯೂಬ್‌ಗೆ ಹತ್ತಿದವು. ಚಾವಡಿ ಫೋನಿನೊಳಗೆ ಬಂತು, ಕಾಣಿಕೆ ಬ್ಯಾಂಕ್ ಖಾತೆಗೆ ಹೋಯಿತು.

ಹೋಲಿಕೆಗೆ ಹೇಳುವುದಾದರೆ, 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಹ್ಯಾರಿ ಕಾನಿಕ್, ಬ್ರಾನ್‌ಫರ್ಡ್ ಮಾರ್ಸಾಲಿಸ್ ಎಂಬ ಇಬ್ಬರು ಸಂಗೀತಗಾರರು ಮುಂದಾಗಿ ‘ಮ್ಯುಸಿಶಿಯನ್ಸ್ ವಿಲೇಜ್’ ಎಂಬ 72 ಮನೆಗಳ ಬಡಾವಣೆ ಕಟ್ಟಿಸಿದರು. ಅಲ್ಲಿ ವಿಕೋಪ ಮೊದಲು, ಸಂಘಟನೆ ಆಮೇಲೆ. ಉಡುಪಿಯಲ್ಲಿ ಕ್ರಮ ತಿರುವುಮುರುವು.

ಚೇತರಿಕೆ ಪೂರ್ತಿಯಾಯಿತೇ? ಆಟ ಮರಳಿತು, ಆದರೆ ಹಲವೆಡೆ ಮೊಟಕಾಗಿ ಮರಳಿತು. ಕರ್ಫ್ಯೂ ಕಾಲದಲ್ಲಿ ಅನಿವಾರ್ಯವಾದ ಕಾಲಮಿತಿ ಆಮೇಲೂ ಉಳಿಯಿತು. ಧ್ವನಿವರ್ಧಕದ ನಿಯಮಗಳ ಕಾರಣಕ್ಕೆ 2022ರಲ್ಲಿ ಕಟೀಲು ಮೇಳಗಳೂ ಕಾಲಮಿತಿಗೆ ಹೋದಾಗ ದೊಡ್ಡ ಚರ್ಚೆಯೇ ನಡೆಯಿತು. ಸಂಗೀತದ ದೃಷ್ಟಿಯಿಂದ ಇದರ ಪೆಟ್ಟು ಬೀಳುವುದು ಕಿರಿಯರ ಮೇಲೆ. ಇಡೀ ರಾತ್ರಿಯ ಆಟದಲ್ಲಿ ಮೊದಲ ಹೊತ್ತಿನ ಪೂರ್ವರಂಗ ಹಾಡುವವನು ಕಲಿಯುತ್ತಿರುವ ‘ಸಂಗೀತಗಾರ’. ಮಧ್ಯರಾತ್ರಿಯ ನಂತರ ಮುಖ್ಯ ಭಾಗವತರು ಜಾಗಟೆ ಹಿಡಿಯುತ್ತಾರೆ. ಪೂರ್ವರಂಗದ ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷದ ಪದ್ಯಗಳಲ್ಲಿ ಸಂಗೀತಗಾರನ ತಾಳ ಗಟ್ಟಿಯಾಗುತ್ತದೆ. ಅವಧಿ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದೇ ಪೂರ್ವರಂಗಕ್ಕೆ. ರಾತ್ರಿ ಏರಿದಂತೆ ರಾಗ ಬದಲಾಗುತ್ತ ಬೆಳಗಿನ ಜಾವಕ್ಕೆ ಮೋಹನಕ್ಕೆ ಬರುವ ಪದ್ಧತಿಗೂ ಜಾಗವಿಲ್ಲದಾಗುತ್ತದೆ. ಹೊಟ್ಟೆಗೆ ಬಿದ್ದ ಪೆಟ್ಟನ್ನು ಕಿಟ್ಟು ತುಂಬಿತು. ಕಲಿಕೆಗೆ ಬಿದ್ದ ಈ ಪೆಟ್ಟನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಇನ್ನೂ ಒಂದು ವಿಷಯವಿದೆ. ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿಗೆ ಮೊದಲು ಮತ್ತು ಮುಂಗಾರಿನ ಬಳಿಕ. 2017ರ ಡಿಸೆಂಬರಿನ ಆರಂಭದಲ್ಲಿ ಒಖಿ, 2019ರ ಅಕ್ಟೋಬರ್ ಕೊನೆಗೆ ಕ್ಯಾರ್, ಅದರ ಬೆನ್ನಿಗೇ ಮಹಾ, 2021ರ ಮೇಯಲ್ಲಿ ತೌಕ್ತೆ. ತಿರುಗಾಟ ಹೊರಡುವ ಮತ್ತು ಮುಗಿಯುವ ದಿನಗಳು ಸರಿಯಾಗಿ ಇವೇ. ನದಿಯ ನೆರೆಯಿಂದ ಕಲಾವಿದನನ್ನು ಉಳಿಸಿದ ಪಂಚಾಂಗ ಗಾಳಿಯ ಎದುರು ಕೆಲಸಕ್ಕೆ ಬಾರದು. ಮೀನುಗಾರಿಕೆಯ ಊರುಗಳಲ್ಲಿ ಪೆಟ್ಟು ಎರಡು ಕಡೆಯಿಂದ: ದೋಣಿ ಕಡಲಿಗಿಳಿಯದಿದ್ದರೆ ಹರಕೆಯ ಆಟ ಆಡಿಸುವವನ ಕೈಯೂ ಬರಿದು.

ಆದ್ದರಿಂದ ಮೇಳದ ಯಜಮಾನರಲ್ಲಿ, ದೇವಸ್ಥಾನಗಳ ಆಡಳಿತದಲ್ಲಿ, ಯಕ್ಷಗಾನ ಅಕಾಡೆಮಿಯಲ್ಲಿ ಕೇಳಬೇಕಾದದ್ದು ಇಷ್ಟೇ. ಗಾಳಿಮಳೆಗೆ ನಿಂತುಹೋದ ರಾತ್ರಿಗೂ ಹಿಮ್ಮೇಳದವರಿಗೆ ಸಂಬಳ ಸಿಗುವಂತೆ ತಿರುಗಾಟದ ಕರಾರಿನಲ್ಲಿ ಒಂದು ಸಾಲು ಸೇರಿಸಿ. ಕಾಲಮಿತಿಯ ಆಟದಲ್ಲೂ ಸಂಗೀತಗಾರನಿಗೆ ಒಂದು ಗಂಟೆ ಬಿಟ್ಟುಕೊಡಿ.