ಮೇವಿನ ಜಾಡಿನಲ್ಲಿ ಬಂದ ‘ಗೇನ್’

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಹೊತ್ತಿಗೆ ಆಡಿಟರ್ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು: ‘ಈ ಸಲ ಕ್ಯಾಪಿಟಲ್ ಗೇನ್ಸ್ ಏನಾದರೂ ಇದೆಯಾ?’ ಸೈಟು ಮಾರಿದವರು, ಷೇರು ಮಾರಿದವರು ಉತ್ತರ ಹೇಳಲೇಬೇಕು. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ, ಖರ್ಚು ಕಳೆದು ಉಳಿದದ್ದೇ ಗೇನ್. ಷೇರುಪೇಟೆಯಲ್ಲಿ ನೋಂದಾಯಿತವಾದ ಷೇರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಅದು ಲಾಂಗ್ ಟರ್ಮ್ ಗೇನ್. ಬೆಲೆ ಏರಲೆಂದು ಕಾಯುವುದೇ ಇಲ್ಲಿನ ದುಡಿಮೆ.

ದನ ಕಾಯುವುದಕ್ಕೂ ನಾವು ಕಾಯುವುದು ಎಂದೇ ಅನ್ನುತ್ತೇವೆ. ಗೇನ್ ಹುಟ್ಟಿದ್ದು ಆ ಕಾಯುವಿಕೆಯ ಆಸುಪಾಸಿನಲ್ಲಿ. ಇಂಗ್ಲಿಷ್ ಈ ಪದವನ್ನು ಪಡೆದದ್ದು ಫ್ರೆಂಚಿನಿಂದ, 15ನೇ ಶತಮಾನದ ಹೊತ್ತಿಗೆ. ಫ್ರೆಂಚಿಗೆ ಅದು ಜರ್ಮನಿಕ್ ನುಡಿಯಿಂದ ಬಂತು. ಮೇವು, ಬೇಟೆ, ಆಹಾರ ಅರಸಿ ಅಲೆಯುವುದು ಅದರ ಮೂಲಾರ್ಥ. ಜರ್ಮನ್ನಿನಲ್ಲಿ ಇಂದಿಗೂ ‘ವೈಡೆ’ ಎಂದರೆ ಹುಲ್ಲುಗಾವಲು. ಹಳೆಯ ಫ್ರೆಂಚಿನಲ್ಲಿ ಇದೇ ಕ್ರಿಯಾಪದಕ್ಕೆ ಹೊಲ ಉಳುವುದು ಎಂಬ ಅರ್ಥವೂ ಇತ್ತು. ಸ್ಪ್ಯಾನಿಷ್‌ನಲ್ಲಿ ‘ಗನಾರ್’ ಎಂದರೆ ಗಳಿಸು, ಗೆಲ್ಲು. ‘ಗನಾದೋ’ ಎಂದರೆ ದನಕರು. ಮೊದಲ ಸಲ ಹುಲ್ಲು ಕೊಯ್ದ ಮೇಲೆ ಅದೇ ನೆಲದಲ್ಲಿ ಮತ್ತೆ ಚಿಗುರುವ ಎರಡನೇ ಹುಲ್ಲಿಗೆ ಫ್ರೆಂಚರು ‘ರಗ್ಯಾಂ’ ಎನ್ನುತ್ತಾರೆ. ಅದರ ಬೇರೂ ಇಲ್ಲೇ.

ಜೊತೆಗಿರುವ ಕ್ಯಾಪಿಟಲ್ ಕೂಡ ಕೊಟ್ಟಿಗೆಗೆ ದೂರದ್ದಲ್ಲ. ತಲೆ ಎಂಬರ್ಥದ ಲ್ಯಾಟಿನ್ ‘ಕಾಪುಟ್’ನಿಂದ ಕ್ಯಾಪಿಟಲ್ ಬಂತು, ಕ್ಯಾಟಲ್ ಕೂಡ ಬಂತು. ಕ್ಯಾಟಲ್ ಎಂದರೆ ಮೊದಲು ಆಸ್ತಿಪಾಸ್ತಿ. ಬರಬರುತ್ತ ದನಗಳಿಗೇ ಆ ಹೆಸರು ನಿಂತಿತು.

ನಮ್ಮ ತೆರಿಗೆ ಕಾನೂನು ಹಳ್ಳಿಯ ಕೃಷಿಭೂಮಿಯನ್ನು ಕ್ಯಾಪಿಟಲ್ ಆಸ್ತಿ ಎಂದು ಎಣಿಸುವುದಿಲ್ಲ. 10 ಲಕ್ಷಕ್ಕೂ ಮೀರಿ ಜನರಿರುವ ನಗರದ ಎಲ್ಲೆಯಿಂದ 8 ಕಿಲೋಮೀಟರ್ ಒಳಗಿದ್ದರೆ ಎಣಿಸುತ್ತದೆ. ಸಣ್ಣ ಊರುಗಳಿಗೆ ಈ ದೂರ ಕಡಿಮೆ. ಬೆಂಗಳೂರಿನ ಅಂಚಿನ ರಾಗಿ ಹೊಲವನ್ನೇ ತೆಗೆದುಕೊಳ್ಳಿ. ಉತ್ತು ಬಿತ್ತಿದವರಿಗೆ ಹತ್ತಾರು ವರ್ಷದ ರಾಗಿ ಕೊಡದಷ್ಟು ಹಣವನ್ನು ಅದರ ಒಂದು ಮಾರಾಟ ಕೊಟ್ಟುಬಿಡುತ್ತದೆ. ಎರಡಕ್ಕೂ ಇಂಗ್ಲಿಷಿನಲ್ಲಿ ಗೇನ್ ಸಲ್ಲುತ್ತದೆ.

ನಮ್ಮ ಪತ್ರಿಕೆಗಳು ಕ್ಯಾಪಿಟಲ್ ಗೇನ್ಸ್ ಅನ್ನು ಒಮ್ಮೆ ‘ಬಂಡವಾಳ ಗಳಿಕೆ’, ಇನ್ನೊಮ್ಮೆ ‘ಬಂಡವಾಳ ಲಾಭ’ ಎಂದು ಬರೆಯುತ್ತವೆ. ನನ್ನ ಮತ ಲಾಭಕ್ಕೆ. ಬೆಲೆ ಏರಿ ಬಂದ ಹಣದಲ್ಲಿ ತಪ್ಪೇನಿಲ್ಲ, ಅದು ಲಾಭವೇ. ಗಳಿಕೆ ಎಂಬ ಮಾತನ್ನು ಮಾತ್ರ ಮೈಬಗ್ಗಿಸಿ ದುಡಿದವರಿಗೆ ಮೀಸಲಿಡೋಣ. ಗೇನ್ ಕಳೆದುಕೊಂಡ ಅರ್ಥವನ್ನು ಕನ್ನಡವಾದರೂ ಉಳಿಸಿಕೊಳ್ಳಲಿ.