ಜಾದೂಘರ್ ಮತ್ತು ಮರೆವಿನ ಮನೆ

ಬ್ರಿಟಿಷರ ಕಾಲದ ಉತ್ತರ ಭಾರತದಲ್ಲಿ ಫ್ರೀಮೇಸನ್ ಸಂಘದ ಕಟ್ಟಡವನ್ನು ಸಾಮಾನ್ಯ ಜನ 'ಜಾದೂಘರ್' ಎಂದು ಕರೆಯುತ್ತಿದ್ದರು. ಸಭೆ ನಡೆಯುವಾಗ ಬಾಗಿಲು ಮುಚ್ಚಿರುತ್ತಿತ್ತು, ಹೊರಗೆ ಕತ್ತಿ ಹಿಡಿದ ಕಾವಲುಗಾರ ನಿಂತಿರುತ್ತಿದ್ದ. ಹಗಲೆಲ್ಲ ಕಚೇರಿಯಲ್ಲಿ ಗದರುವ ಸಾಹೇಬರು ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ಅಲ್ಲಿ ಸೇರುತ್ತಿದ್ದರು. ನೋಡಿದವರಿಗೆ ಇದು ಮಾಟಮಂತ್ರವಲ್ಲದೆ ಇನ್ನೇನಾಗಿ ಕಂಡೀತು? 1901ರಲ್ಲಿ ಪ್ರಕಟವಾದ ಕಿಪ್ಲಿಂಗನ 'ಕಿಮ್' ಕಾದಂಬರಿಯಲ್ಲಿ ಲಾಹೋರಿನ ಜಾದೂಘರ್ ಬರುತ್ತದೆ. ಕಿಪ್ಲಿಂಗ್ 1886ರಲ್ಲಿ ಸದಸ್ಯನಾಗಿದ್ದು ಆ ಊರಿನಲ್ಲೇ.

ಫಾರ್ಸಿಯ ಹೆಸರು ಇದಕ್ಕಿಂತ ಸೊಗಸಾದುದು. 'ಫರಾಮೋಶ್‌ಖಾನ', ಅಂದರೆ ಮರೆವಿನ ಮನೆ. ಒಳಗೆ ಹೋಗಿ ಬಂದವನನ್ನು ಏನು ಕೇಳಿದರೂ 'ಮರೆತುಹೋಯಿತು' ಎನ್ನುತ್ತಾನಂತೆ. ಫ್ರೀಮೇಸನ್ ಎಂಬ ಪದದ ದನಿಯೂ ಅದರಲ್ಲಿ ಸೇರಿಕೊಂಡಿದೆ ಎನ್ನುವವರಿದ್ದಾರೆ. ಕಥೆ ಬರೆಯುವ ನಮಗೆ ಹೊಟ್ಟೆಕಿಚ್ಚು ತರುವ ಹೆಸರು.

ಮರೆಯುವಂಥದ್ದು ಒಳಗೆ ಏನಿತ್ತು? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕಲ್ಲುಕುಟಿಗರ ಕಸುಬಿನ ಕೂಟಗಳಿಂದ ಈ ಸಂಘ ಬೆಳೆಯಿತು. ಅದರ ಸಂಪ್ರದಾಯದ ಪ್ರಕಾರ 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಕಟ್ಟಿಕೊಂಡವು. ಆ ಹೊತ್ತಿಗೆ ಕಲ್ಲು ಒಡೆಯುವವರು ಹಿಂದೆ ಸರಿದು ಕುಲೀನರೂ ಪಂಡಿತರೂ ಮುಂದೆ ಬಂದಿದ್ದರು. ಮೂಲೆಮಟ್ಟ, ಕೈವಾರ, ಏಪ್ರನ್ ಇವೆಲ್ಲ ನೀತಿಯ ಸಂಕೇತಗಳಾಗಿ ಉಳಿದುಕೊಂಡವು. ಮೂರು ಹಂತದ ದೀಕ್ಷೆ, ಸುಲೈಮಾನರ ದೇವಾಲಯ ಕಟ್ಟಿದ ಶಿಲ್ಪಿಯ ಕೊಲೆಯ ಕಥೆ, ಪರಸ್ಪರ ಗುರುತು ಹಿಡಿಯಲು ಕೈಕುಲುಕುವ ಒಂದು ಬಗೆ. ಗುಟ್ಟು ಇಷ್ಟೇ. ಅದೂ ಗುಟ್ಟಾಗಿ ಬಹಳ ದಿನ ಉಳಿಯಲಿಲ್ಲ. 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಈ ಆಚರಣೆಗಳನ್ನೆಲ್ಲ ಅಚ್ಚು ಹಾಕಿಸಿ ಲಂಡನ್ನಿನ ಬೀದಿಯಲ್ಲಿ ಮಾರಿದ. ಗುಟ್ಟು ಬಯಲಾಗಿ ಮೂರು ಶತಮಾನವಾಗುತ್ತ ಬಂದರೂ ಅನುಮಾನ ಮಾತ್ರ ಕರಗಿಲ್ಲ.

ಧರ್ಮಗಳ ಜೊತೆಗಿನ ತಕರಾರು ಶುರುವಾಗಿದ್ದು 1723ರ ನಿಯಮ ಪುಸ್ತಕದಿಂದ. ಎಲ್ಲ ಮನುಷ್ಯರೂ ಒಪ್ಪುವಂಥ ಧರ್ಮವೊಂದಿದ್ದರೆ ಸಾಕು, ಉಳಿದ ಅಭಿಪ್ರಾಯಗಳನ್ನು ಅವರವರಿಗೇ ಬಿಟ್ಟುಬಿಡೋಣ ಎಂದು ಅದನ್ನು ಬರೆದ ಪಾದ್ರಿ ಜೇಮ್ಸ್ ಆ್ಯಂಡರ್ಸನ್ ಹೇಳಿದ. ದೇವರನ್ನು ಅವರು 'ವಿಶ್ವದ ಮಹಾಶಿಲ್ಪಿ' ಎಂದು ಕರೆದರು. ಈ ಹೆಸರಿನಲ್ಲಿ ಕ್ರೈಸ್ತ, ಯಹೂದಿ, ಮುಸ್ಲಿಂ ಎಲ್ಲರೂ ಕೂರಬಹುದಿತ್ತು. ಚರ್ಚಿಗೆ ಸಿಟ್ಟು ಬಂದದ್ದೂ ಇದಕ್ಕೇ. 1738ರಲ್ಲಿ 12ನೇ ಕ್ಲೆಮೆಂಟ್ ಪೋಪ್ ಈ ಸಂಘಕ್ಕೆ ಸೇರುವ ಕ್ಯಾಥೊಲಿಕರಿಗೆ ಬಹಿಷ್ಕಾರ ಹಾಕಿದರು. ತಪ್ಪಿಲ್ಲದವರು ಕತ್ತಲನ್ನು ಯಾಕೆ ಹುಡುಕಬೇಕು ಎಂಬುದು ಅವರ ವಾದವಾಗಿತ್ತು. 1877ರಲ್ಲಿ ಫ್ರಾನ್ಸಿನ ಗ್ರ್ಯಾಂಡ್ ಓರಿಯಂಟ್ ದೇವರಲ್ಲಿ ನಂಬಿಕೆ ಕಡ್ಡಾಯವಲ್ಲವೆಂದು ತೀರ್ಮಾನಿಸಿದಾಗ ಇಂಗ್ಲಿಷ್ ಲಾಡ್ಜ್‌ಗಳು ಅದರ ನಂಟು ಕಡಿದುಕೊಂಡವು. ಹೀಗಾಗಿ 'ಮೇಸನ್ನರು ನಾಸ್ತಿಕರು' ಎಂಬ ಮಾತು ಪ್ಯಾರಿಸ್ಸಿನಲ್ಲಿ ಅರ್ಧ ನಿಜ, ಲಂಡನ್ನಿನಲ್ಲಿ ಪೂರಾ ಸುಳ್ಳು.

ಈ ಸಂಘಕ್ಕೆ ಸೇರಿದ ಮೊದಲ ಭಾರತೀಯ ಎಂದು ಹೇಳಲಾಗುವವರು ಮುಸ್ಲಿಮರು. ಆರ್ಕಾಟಿನ ನವಾಬ ಮಹಮ್ಮದ್ ಅಲಿ ವಾಲಾಜಾನ ಮಗ ಉಮ್ದತುಲ್ ಉಮರಾ 1770ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿ ದೀಕ್ಷೆ ಪಡೆದ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಹಿಗ್ಗಿ ಅವನಿಗೆ ಅಲಂಕರಿಸಿದ ಏಪ್ರನ್ನನ್ನೂ ನಿಯಮ ಪುಸ್ತಕವನ್ನೂ ಕಳಿಸಿತು. ಅವನು ಫಾರ್ಸಿಯಲ್ಲಿ ಕೃತಜ್ಞತೆಯ ಪತ್ರ ಬರೆದ. ಮುಂದಿನ ಕಥೆ ನಮ್ಮ ಶ್ರೀರಂಗಪಟ್ಟಣಕ್ಕೆ ಬರುತ್ತದೆ. 1799ರಲ್ಲಿ ಟಿಪ್ಪು ಹುತಾತ್ಮನಾದ ಮೇಲೆ ಅರಮನೆಯ ಕಾಗದಗಳಲ್ಲಿ ಆರ್ಕಾಟಿನ ತಂದೆ ಮಕ್ಕಳು ಟಿಪ್ಪುವಿನೊಂದಿಗೆ ನಡೆಸಿದ ಗುಪ್ತ ಪತ್ರವ್ಯವಹಾರ ಸಿಕ್ಕಿತೆಂದು ಕಂಪನಿ ಸಾರಿತು. ಅದನ್ನೇ ನೆಪ ಮಾಡಿಕೊಂಡು 1801ರಲ್ಲಿ, ಉಮ್ದತುಲ್ ಉಮರಾ ತೀರಿಕೊಂಡ ತಿಂಗಳಲ್ಲೇ, ಕರ್ನಾಟಿಕ್ ರಾಜ್ಯದ ಆಡಳಿತವನ್ನು ಕಿತ್ತುಕೊಂಡಿತು. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ 1790ರಲ್ಲಿ ಐರ್ಲೆಂಡಿನಲ್ಲಿ ಮೇಸನ್ ಆಗಿದ್ದವನು. ಬಾಗಿಲೊಳಗೆ ಸಹೋದರ, ಬಾಗಿಲಾಚೆ ಗುಪ್ತ ಶತ್ರು. ಜಗತ್ತನ್ನು ಆಳುವ ಸಹೋದರತ್ವ ಇದೇ ಆಗಿದ್ದರೆ ನವಾಬನ ವಂಶಕ್ಕೆ ಒಂದು ಸಣ್ಣ ಸಂಸ್ಥಾನವನ್ನೂ ಉಳಿಸಿಕೊಡಲಿಲ್ಲವಲ್ಲ!

ಲಖನೌದ ಮಿರ್ಜಾ ಅಬೂತಾಲಿಬ್ ಖಾನ್ ಹೆಚ್ಚು ಜಾಣ. 1800ರ ಸುಮಾರಿಗೆ ಲಂಡನ್ನಿನಲ್ಲಿದ್ದ ಈತನನ್ನು ಸೇರಿಸಿಕೊಳ್ಳಲು ಮೇಸನ್ನರು ಬಹಳ ಒತ್ತಾಯಿಸಿದರು. ಅವರ ತತ್ವ ತನ್ನ ಮನಸ್ಸಿಗೆ ಹೊಂದುವುದಿಲ್ಲವೆಂದು ಆತ ನಯವಾಗಿ ಜಾರಿಕೊಂಡ. ಬೈಗುಳವಿಲ್ಲ, ಫತ್ವಾ ಇಲ್ಲ. ತನ್ನ ಪ್ರವಾಸಕಥನದಲ್ಲಿ ಅದನ್ನು ಕುತೂಹಲದಿಂದ ಬರೆದಿಟ್ಟ.

ಹತ್ತೊಂಬತ್ತನೇ ಶತಮಾನದ ಅರಬ್ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಹೆಸರುಗಳು ಸಿಗುತ್ತವೆ. ಫ್ರೆಂಚರ ವಿರುದ್ಧ ವರ್ಷಗಟ್ಟಲೆ ಕಾದಿದ ಅಲ್ಜೀರಿಯಾದ ಅಮೀರ್ ಅಬ್ದುಲ್ ಖಾದಿರ್ 1860ರಲ್ಲಿ ದಮಾಸ್ಕಸ್ಸಿನ ಗಲಭೆಯಲ್ಲಿ ಸಾವಿರಾರು ಕ್ರೈಸ್ತರ ಪ್ರಾಣ ಕಾಪಾಡಿದರು. ಅದನ್ನು ಮೆಚ್ಚಿ ಪ್ಯಾರಿಸ್ಸಿನ ಲಾಡ್ಜೊಂದು ಪತ್ರ ಬರೆಯಿತು. 1864ರಲ್ಲಿ ಅದರ ಪರವಾಗಿ ಅಲೆಕ್ಸಾಂಡ್ರಿಯಾದಲ್ಲಿ ಅವರಿಗೆ ದೀಕ್ಷೆಯಾಯಿತು. ಇಬ್ನ್ ಅರಬಿಯ ಅನುಯಾಯಿಯಾದ ಸೂಫಿ ಅವರು. ಎಲ್ಲ ಪಂಥಗಳ ಮನುಷ್ಯರು ಒಂದೇ ಸೂರಿನಡಿ ಕೂರುವುದು ಅವರಿಗೆ ವಿಚಿತ್ರವೆನಿಸಿರಲಾರದು. ಇದನ್ನು ಕಟ್ಟುಕಥೆ ಎನ್ನುವವರು ಅಲ್ಜೀರಿಯಾದಲ್ಲಿದ್ದಾರೆ. ಅವರ ಸಂಕಟ ಅರ್ಥವಾಗುವಂಥದ್ದು. ಸ್ವಾತಂತ್ರ್ಯವೀರನ ಹೆಸರಿಗೆ ಈ ಏಪ್ರನ್ ಅಂಟಿಕೊಳ್ಳುವುದು ಅವರಿಗೆ ಬೇಡ.

ಸಾಮ್ರಾಜ್ಯಶಾಹಿಯ ವಿರುದ್ಧ ಮುಸ್ಲಿಂ ಜಗತ್ತನ್ನು ಎಚ್ಚರಿಸಿದ ಜಮಾಲುದ್ದೀನ್ ಅಫ್ಘಾನಿಯವರ ಕಥೆ ಇನ್ನೂ ಸ್ವಾರಸ್ಯದ್ದು. 1875ರಲ್ಲಿ ಕೈರೋದಲ್ಲಿ ಅವರು ಬರೆದ ಸದಸ್ಯತ್ವದ ಅರ್ಜಿ ಟೆಹ್ರಾನಿನಲ್ಲಿ ದೊರೆತ ಅವರ ಕಾಗದಪತ್ರಗಳಲ್ಲಿದೆ. 1878ರಲ್ಲಿ 'ಕೌಕಬುಶ್ಶರ್ಕ್', ಅಂದರೆ ಪೂರ್ವದ ನಕ್ಷತ್ರ ಎಂಬ ಲಾಡ್ಜಿಗೆ ಅವರೇ ಮುಖ್ಯಸ್ಥರಾದರು. ಶಿಷ್ಯ ಮುಹಮ್ಮದ್ ಅಬ್ದುಹು ಕೂಡ ಜೊತೆಗಿದ್ದರು. ಇವರಿಗೆ ಬೇಕಾಗಿದ್ದು ದೀಕ್ಷೆಯ ಕೈವಾರವಲ್ಲ, ಗೂಢಚಾರರ ಕಿವಿಗೆ ಬೀಳದಂತೆ ಮಾತಾಡುವ ಕೋಣೆ. ಇಲ್ಲಿ ರಾಜಕೀಯ ಕೂಡದು ಎಂದು ಇಂಗ್ಲಿಷ್ ಲಾಡ್ಜಿನವರು ಹೇಳಿದಾಗ ಅಫ್ಘಾನಿ ಸಿಡಿದು ಹೊರಬಂದರು. 1879ರಲ್ಲಿ ಈಜಿಪ್ಟಿನಿಂದ ಗಡಿಪಾರಾಗಿ ಹೈದರಾಬಾದಿಗೆ ಬಂದರು. ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ಆಗ ನಿಜಾಮರ ರಾಜ್ಯಕ್ಕೇ ಸೇರಿದ್ದವು. ಅಲ್ಲಿ ಕೂತು ನೇಚರಿಗಳನ್ನು ಖಂಡಿಸಿ ಫಾರ್ಸಿಯಲ್ಲಿ ಒಂದು ಪುಸ್ತಕ ಬರೆದರು. ಮುಸ್ಲಿಂ ಸಮಾಜವನ್ನು ಒಳಗಿಂದ ಕೊರೆದವರು ಗುಟ್ಟಾಗಿ ಬೋಧಿಸುತ್ತಿದ್ದ ಬಾತಿನೀ ಪಂಥದವರು ಎಂಬ ಆರೋಪ ಅದರಲ್ಲಿದೆ. ಬರೆದವರು ವರ್ಷವೆರಡರ ಹಿಂದೆ ಗುಟ್ಟಿನ ಲಾಡ್ಜೊಂದರ ಯಜಮಾನರಾಗಿದ್ದವರು! ಅವರವರ ಗುಟ್ಟು ಅವರವರಿಗೆ ಪವಿತ್ರ.

ಭಾರತದ ಲಾಡ್ಜ್‌ಗಳು ಹೊರಗಿನವರಿಗೆ ಕಂಡಷ್ಟು ಉದಾರವಾಗಿಯೂ ಇರಲಿಲ್ಲ. ಮುಂಬೈಯ ಪಾರ್ಸಿ ಗೃಹಸ್ಥ ಮಾಣೆಕ್‌ಜಿ ಕರ್ಸೆಟ್‌ಜಿ ಇಲ್ಲಿ ಪ್ರವೇಶ ಸಿಗದೆ ಪ್ಯಾರಿಸ್ಸಿನಲ್ಲಿ ಸದಸ್ಯರಾಗಬೇಕಾಯಿತು. 1843ರಲ್ಲಿ ಮುಂಬೈಯಲ್ಲಿ ಭಾರತೀಯರಿಗಾಗಿಯೇ ಬೇರೆ ಲಾಡ್ಜ್ ತೆರೆದರು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತ 1863ರಲ್ಲಿ ಬಾಗಿಲು ತಟ್ಟಿದರೆ ಅದು ತೆರೆದದ್ದು 1872ರಲ್ಲಿ. ಹಿಂದೂಗಳು ಬಹುದೇವತಾರಾಧಕರು, ಮಹಾಶಿಲ್ಪಿಯ ಹೆಸರಿನಲ್ಲಿ ಹೇಗೆ ಪ್ರಮಾಣ ಮಾಡಿಯಾರು ಎಂಬುದು ಅಡ್ಡಿ ಮಾಡಿದವರ ತಗಾದೆ. ಬಣ್ಣದ ಮಾತನ್ನು ಬಾಯಿಬಿಟ್ಟು ಹೇಳಲಾಗದಿದ್ದಾಗ ಧರ್ಮಶಾಸ್ತ್ರ ಉಪಯೋಗಕ್ಕೆ ಬರುತ್ತದೆ. ಆದರೂ ಹನ್ನೆರಡು ವರ್ಷ ಕಳೆದು, 1884ರಲ್ಲಿ, ಅದೇ ಕಲ್ಕತ್ತೆಯ ಲಾಡ್ಜೊಂದಕ್ಕೆ ನರೇಂದ್ರನಾಥ ದತ್ತ ಎಂಬ ಯುವಕ ಸೇರಿದ. ಮುಂದೆ ವಿವೇಕಾನಂದನಾದವನು ಅವನೇ.

ಇನ್ನು ನಮ್ಮ ಮನೆಯೊಳಗಿನ ಮಾತು. ನಮ್ಮ ಓದುಗರಲ್ಲಿ ಅನೇಕರು ಫ್ರೀಮೇಸನ್ ಎಂಬ ಪದವನ್ನು ಮೊದಲು ಕೇಳಿದ್ದು ಚರಿತ್ರೆಯ ಪುಸ್ತಕದಲ್ಲಲ್ಲ. ಉರ್ದು ಕರಪತ್ರಗಳಲ್ಲಿ, ಭಾಷಣದ ಕ್ಯಾಸೆಟ್‌ಗಳಲ್ಲಿ, ಆಮೇಲೆ ಕೈಯಿಂದ ಕೈಗೆ ದಾಟಿದ ಸಿ.ಡಿ.ಗಳಲ್ಲಿ, ಈಗ ಮೊಬೈಲಿನಲ್ಲಿ. ದಜ್ಜಾಲನ ಒಂಟಿ ಕಣ್ಣು, ಡಾಲರ್ ನೋಟಿನ ಪಿರಮಿಡ್ಡು, ಯಹೂದಿ, ಮೇಸನ್ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ ಮಾಲೆ ಅದು. ಈ ದಾರ ನಮ್ಮಲ್ಲಿ ನೂತದ್ದಲ್ಲ. ಫ್ರಾನ್ಸಿನ ಲಿಯೋ ಟಾಕ್ಸಿಲ್ ಎಂಬ ಪತ್ರಕರ್ತ 1885ರಿಂದ ಮೇಸನ್ನರು ಸೈತಾನನನ್ನು ಪೂಜಿಸುತ್ತಾರೆಂದು ಪುಸ್ತಕದ ಮೇಲೆ ಪುಸ್ತಕ ಬರೆದ. ಪೋಪ್ ಅವನಿಗೆ ದರ್ಶನ ಕೊಟ್ಟರು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನಲ್ಲಿ ಸಭೆ ಕರೆದು ಎಲ್ಲವೂ ತಾನೇ ಹೆಣೆದ ತಮಾಷೆ ಎಂದು ನಕ್ಕುಬಿಟ್ಟ. ಅವನು ಸುಳ್ಳನ್ನು ಒಪ್ಪಿಕೊಂಡರೂ ಕೇಳಿದವರು ಅದನ್ನು ಬಿಟ್ಟುಕೊಡಲಿಲ್ಲ. 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಬಂದ 'ಯಹೂದಿ ಹಿರಿಯರ ನಡಾವಳಿ' ಮೇಸನ್ನರನ್ನೂ ಯಹೂದಿಗಳನ್ನೂ ಒಂದೇ ಪಿತೂರಿಗೆ ಕಟ್ಟಿತು. ಬೇರೆಯೇ ವಿಷಯದ ಒಂದು ಫ್ರೆಂಚ್ ವಿಡಂಬನೆಯಿಂದ ಅದನ್ನು ಕದ್ದದ್ದೆಂದು 1921ರಲ್ಲಿ ಲಂಡನ್ನಿನ 'ಟೈಮ್ಸ್' ಸಾಲು ಸಾಲಾಗಿ ತೋರಿಸಿತು. ಹಿಟ್ಲರನಿಗೆ ಇದರಿಂದ ಏನೂ ಅಡ್ಡಿಯಾಗಲಿಲ್ಲ. ಅವನ ಜರ್ಮನಿಯಲ್ಲಿ ಲಾಡ್ಜ್‌ಗಳು ಮುಚ್ಚಿದವು. ಸ್ಪೇನಿನಲ್ಲಿ ಫ್ರಾಂಕೋ 1940ರಲ್ಲಿ ಮೇಸನ್ನರನ್ನು ಶಿಕ್ಷಿಸಲು ಕಾನೂನನ್ನೇ ಮಾಡಿದ.

1978ರಲ್ಲಿ ಮಕ್ಕಾದ ಫಿಕ್‌ಹ್ ಪರಿಷತ್ತು ಈ ಸಂಘವನ್ನು ಇಸ್ಲಾಮಿಗೆ ವಿರುದ್ಧವೆಂದು ಸಾರಿತು. ಅದರಲ್ಲಿ ಎರಡು ಬಗೆಯ ಮಾತುಗಳಿವೆ. ಏನೆಂದು ತಿಳಿಯದ ಗುಟ್ಟಿಗೆ ವಿಧೇಯತೆ ಒಪ್ಪಿಸುವುದು ಮುಸ್ಲಿಮನಿಗೆ ಸಲ್ಲದು ಎಂಬುದು ಶರೀಅತ್ತಿನ ಮಾತು. ಅದನ್ನು ಉಲಮಾಗಳು ಹೇಳಬೇಕು, ಹೇಳಿದ್ದಾರೆ. ಇದೆಲ್ಲದರ ಹಿಂದೆ ಝಿಯೋನಿಸಂ ಇದೆ ಎಂಬುದು ಚರಿತ್ರೆಯ ಹೇಳಿಕೆ. ಅದಕ್ಕೆ ಪುರಾವೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಫೆಲೆಸ್ತೀನಿನ ಮೇಲಿನ ಅನ್ಯಾಯ ಹಗಲು ಬೆಳಕಿನಲ್ಲಿ, ಸರ್ಕಾರಗಳ ಸಹಿಯೊಂದಿಗೆ ನಡೆದದ್ದು. ಅದನ್ನು ವಿವರಿಸಲು ಕತ್ತಲ ಕೋಣೆ ಬೇಕಿಲ್ಲ.

ಹಾಗೆಂದು ಮುಚ್ಚಿದ ಬಾಗಿಲ ಹಿಂದೆ ಎಂದೂ ಕೆಡುಕು ನಡೆದಿಲ್ಲವೆಂದಲ್ಲ. ಇಟಲಿಯಲ್ಲಿ 1981ರಲ್ಲಿ 'ಪಿ-2' ಎಂಬ ಲಾಡ್ಜಿನ ಸದಸ್ಯರ ಪಟ್ಟಿ ಪೊಲೀಸರಿಗೆ ಸಿಕ್ಕಿತು. ಅದರಲ್ಲಿ ಮಂತ್ರಿಗಳು, ಸೇನಾಧಿಕಾರಿಗಳು, ಗುಪ್ತಚರ ಮುಖ್ಯಸ್ಥರು ಸೇರಿ ಒಂಬೈನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಸರ್ಕಾರವೇ ಬಿತ್ತು. ಆದರೆ ಅದನ್ನು ಬಯಲು ಮಾಡಿದ್ದು ನ್ಯಾಯಾಧೀಶರ ತಪಾಸಣೆ ಮತ್ತು ಸಂಸತ್ತಿನ ಆಯೋಗ, ಪಿರಮಿಡ್ಡಿನ ಚಿತ್ರ ನೋಡಿ ಬೆವರಿದವರಲ್ಲ.

'ಆ ಬಾಗಿಲ ಹಿಂದೆ ಏನು ನಡೆಯುತ್ತದೆ?' ಎಂಬ ಪ್ರಶ್ನೆಯನ್ನು ನಮ್ಮ ಮದ್ರಸಗಳ ಮುಂದೆ ನಿಂತೂ ಕೇಳುತ್ತಾರೆ. ಒಳಗೆ ಹತ್ತು ವರ್ಷದ ಹುಡುಗರು ಅರಬಿ ವ್ಯಾಕರಣ ಉರುಹೊಡೆಯುತ್ತಿರುತ್ತಾರೆ. ಕಲಿತದ್ದು ಏನು ಎಂದು ಕೇಳಿದರೆ ಅವರೂ ಕೆಲವೊಮ್ಮೆ ಮರೆತುಹೋಯಿತು ಎನ್ನುತ್ತಾರೆ, ಪಾಪ. ಆ ಪ್ರಶ್ನೆಯ ಹಿಂದಿರುವ ದಾರ ಯಾವ ನೂಲಿನದು ಎಂದು ತಿಳಿದಿರುವ ನಾವು ಅದೇ ನೂಲನ್ನು ಇನ್ನೊಬ್ಬರ ಕೊರಳಿಗೆ ಹಾಕುವುದು ಹೇಗೆ?

ಅನುಮಾನ ಒಂದೊಂದು ದೇಶದಲ್ಲಿ ಒಂದೊಂದು ರೀತಿ ಕೊನೆಗೊಂಡಿತು. ಈಜಿಪ್ಟಿನಲ್ಲಿ ನಾಸರ್ 1964ರಲ್ಲಿ ಲಾಡ್ಜ್‌ಗಳನ್ನು ಮುಚ್ಚಿಸಿದರು. ಇಂಡೋನೇಷ್ಯಾದಲ್ಲಿ ಸುಕರ್ಣೊ 1961ರಲ್ಲಿ ಹೇರಿದ ನಿಷೇಧವನ್ನು 2000ದಲ್ಲಿ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ತೆಗೆದುಹಾಕಿದರು. ವಾಹಿದ್ ಆಲಿಮರ ಮನೆತನದವರು, ಅಲ್ಲಿನ ದೊಡ್ಡ ಉಲಮಾ ಸಂಘಟನೆಯ ನಾಯಕರಾಗಿದ್ದವರು. ಭಾರತದಲ್ಲಿ 1961ರ ನವೆಂಬರ್ 24ರಂದು ದೆಹಲಿಯಲ್ಲಿ ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದಾಗ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್ ಆದವರು ರಾಂಪುರದ ನವಾಬ ಸಯ್ಯದ್ ರಜಾ ಅಲಿ ಖಾನ್. ಇಲ್ಲಿನ ಲಾಡ್ಜ್‌ಗಳಲ್ಲಿ ಗೀತೆ, ಕುರ್‌ಆನ್, ಬೈಬಲ್‌ಗಳನ್ನು ಒಟ್ಟಿಗೆ ಇಟ್ಟು ಪ್ರಮಾಣ ಮಾಡಿಸುತ್ತಾರೆ. ಪಾಕಿಸ್ತಾನದಲ್ಲಿ 1972ರಲ್ಲಿ ಭುಟ್ಟೋ ಸರ್ಕಾರ ಸಂಘವನ್ನು ನಿಷೇಧಿಸಿ ಆಸ್ತಿಗಳನ್ನು ವಶಪಡಿಸಿಕೊಂಡಿತು. ಕರಾಚಿಯ ಜಾದೂಘರ್ ಆಮೇಲೆ ಸಿಂಧ್ ಪ್ರಾಂತ್ಯದ ವನ್ಯಜೀವಿ ಇಲಾಖೆಯ ಕಚೇರಿಯಾಯಿತು.